ತೊಳೆದಿಟ್ಟ ಲೋಟ

ಸೊಸೆ ವಕೀಲಿಕೆ ಬಿಟ್ಟಿದ್ದಾಳೆಂದು ಅತ್ತೆಗೆ ಮೊದಲು ಹೇಳಿದ್ದು ಬಾಗಿಲ ಹಿಂದಿನ ಖಾಲಿ ಗೂಟ. ಸೊಸೆಯ ಎರಡು ಕರಿ ಕೋಟುಗಳನ್ನು ವಾರಕ್ಕೊಮ್ಮೆ ಬೀದಿಯ ತಿರುವಿನ ಇಸ್ತ್ರಿ ಅಂಗಡಿಗೆ ಕೊಟ್ಟು ಬರುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡಿದ್ದರು. ಕೋಟುಗಳನ್ನು ಕೈಮೇಲೆ ಹಾಕಿಕೊಂಡು ಎರಡನೇ ಮಹಡಿಯಿಂದ ಇಳಿಯುವಾಗ, ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಚೆನ್ನಾಗಿ ಕಾಣಲೆಂದು ಸ್ವಲ್ಪ ಎತ್ತಿ ಹಿಡಿಯುತ್ತಿದ್ದರು. ಈ ವಾರ ಎತ್ತಿ ಹಿಡಿಯಲು ಏನೂ ಇರಲಿಲ್ಲ.

"ಕೋಟೆಲ್ಲಮ್ಮಾ?"

"ಆಫೀಸಿಗೆ ಹೊಸದಾಗಿ ಸೇರಿರೋ ಹುಡುಗಿಗೆ ಕೊಟ್ಟುಬಿಟ್ಟೆ ಅತ್ತೆ. ಅವಳಿಗೆ ಅಳತೆ ಸರಿಯಾಗತ್ತೆ."

"ಎರಡೂನೂ?"

"ಎರಡೂನೂ."

"ಮತ್ತೆ ನಾಳೆ ಕೋರ್ಟಿಗೆ ಏನು ಹಾಕ್ಕೊಂಡು ಹೋಗ್ತೀಯ?"

ಸೊಸೆ ಊಟಕ್ಕೆ ತಟ್ಟೆ ಹಾಕಿದಳು. ವಿಷಯ ಹೊರಬಿದ್ದದ್ದು ಆ ಊಟದ ಮೇಜಿನಲ್ಲಿ. ಸುತ್ತ ಕೂತವರು ನಾಲ್ಕೇ ಜನ: ಅತ್ತೆ, ಔಷಧಿ ಅಂಗಡಿ ನಡೆಸುವ ಮಗ, ಸೊಸೆ, ಮತ್ತು ಮನೆಯವರೆಲ್ಲ ಚೂಟಿ ಎಂದು ಕರೆಯುವ ಮೊಮ್ಮಗಳು.

"ಪತ್ತೇದಾರಿ ಕಾದಂಬರಿ ಬರೀತೀನಿ ಅತ್ತೆ. ಇನ್ನು ಮೇಲೆ ಅದೇ ಕೆಲಸ."

"ಬರಿ. ಯಾರು ಬೇಡ ಅಂದ್ರು? ಭಾನುವಾರ ಬರಿ. ರಜೆ ಬಂದಾಗ ಬರಿ."

"ಭಾನುವಾರ ಬರೆದು ಬರೆದು ಸಾಕಾಯ್ತು. ಈ ಭಾನುವಾರ ಕೊಲೆ ಮಾಡಿಸಿದ್ರೆ, ಮುಂದಿನ ಭಾನುವಾರದ ಹೊತ್ತಿಗೆ ಕೊಂದಿದ್ದು ಯಾರು ಅಂತ ನನಗೇ ಮರೆತುಹೋಗಿರತ್ತೆ."

ಚೂಟಿ ಕಿಸಕ್ಕನೆ ನಕ್ಕಳು. ಅಜ್ಜಿಯ ಮುಖ ನೋಡಿ ಉಳಿದ ನಗುವನ್ನು ಅನ್ನದ ಜೊತೆ ನುಂಗಿದಳು.

"ನೀನಾದ್ರೂ ಏನಾದ್ರೂ ಹೇಳೋ," ಎಂದು ಅತ್ತೆ ಮಗನ ಕಡೆ ತಿರುಗಿದರು.

"ನನಗೆ ಹೋದ ತಿಂಗಳೇ ಹೇಳಿದ್ಲಮ್ಮ. ಅಂಗಡಿಯಿಂದ ಮನೆ ನಡೆಯತ್ತೆ. ಸ್ವಲ್ಪ ಕೈ ಬಿಗಿ ಹಿಡೀಬೇಕು, ಅಷ್ಟೆ."

"ಓಹೋ, ಹೋದ ತಿಂಗಳೇ! ಹಾಗಾದ್ರೆ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ."

"ನನಗೂ ಗೊತ್ತಿರ್ಲಿಲ್ಲ ಅಜ್ಜಿ. ಆದ್ರೆ ನಾನು ಊಹಿಸಿದ್ದೆ," ಅಂದಳು ಚೂಟಿ.

"ನೀನು ಸುಮ್ನೆ ಉಣ್ಣು."

ಅತ್ತೆಯ ಸಂಕಟ ದುಡ್ಡಿನದಾಗಿರಲಿಲ್ಲ. ಒಂದು ಕಾಲದಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಮೇಲ್ವಿಚಾರಕಿಯಾಗಿದ್ದವರು. ಸಾಲಾಗಿ ಕೂತ ಆಪರೇಟರುಗಳ ಬೆನ್ನ ಹಿಂದೆ ನಡೆದಾಡುತ್ತಾ, ಯಾರ ಲೈನು ತಡವಾಯಿತು, ಯಾರು ಕದ್ದು ಕೇಳುತ್ತಿದ್ದಾರೆ ಎಂಬುದನ್ನು ಭುಜದ ಭಂಗಿಯಲ್ಲೇ ಗುರುತಿಸುತ್ತಿದ್ದರು. ಚೂಟಿ ಹುಟ್ಟಿದಾಗ ಮನೆಯಲ್ಲಿ ಯಾರಾದರೂ ಒಬ್ಬರು ಕೆಲಸ ಬಿಡಲೇಬೇಕಾದ ಸ್ಥಿತಿ ಬಂತು. ಯಾರು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಒಂದು ಬೆಳಗ್ಗೆ ಅತ್ತೆ ಆಫೀಸಿಗೆ ಹೊರಡಲಿಲ್ಲ. ಸೊಸೆ ಕೋಟು ಹಾಕಿಕೊಂಡು ಮೆಟ್ಟಿಲಿಳಿದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

"ನಾನು ಕೆಲಸ ಬಿಟ್ಟಿದ್ದು ನೀನು ಕೆಲಸ ಬಿಡ್ಲಿ ಅಂತ ಅಲ್ಲ," ಅಂದರು ಅತ್ತೆ. ಧ್ವನಿ ಏರಿರಲಿಲ್ಲ. ಅದಕ್ಕೇ ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು.

ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು: "ಹೋದ ಸಲ ಒಂದು ಕೊಲೆ ಕೇಸು ಗೆದ್ದೆನಲ್ಲ ಅತ್ತೆ? ಆ ಹುಡುಗ ಬಿಡುಗಡೆಯಾದ ದಿನ ಅವನ ತಾಯಿ ನನ್ನ ಕೈ ಹಿಡಿದು ಕಾರಿಡಾರಿನ ಮೂಲೆಗೆ ಕರ್ಕೊಂಡು ಹೋದ್ರು. ಉಪಕಾರ ಆಯ್ತು ಅಂತಾರೆ ಅಂದ್ಕೊಂಡೆ. 'ಮಾಡಿದ್ದು ಅವನೇನಾ ತಾಯಿ? ನಿಮಗೆ ಗೊತ್ತಿರತ್ತಲ್ಲ' ಅಂದ್ರು. ನನಗೆ ಗೊತ್ತಿರ್ಲಿಲ್ಲ. ಕೇಸಿನ ಹಾಳೆ ಹಾಳೆ ಬಾಯಿಪಾಠ, ಅದೊಂದು ಮಾತ್ರ ಗೊತ್ತಿಲ್ಲ. ಜಡ್ಜಿಗೂ ಗೊತ್ತಿಲ್ಲ. ಅಲ್ಲಿ ಯಾರಿಗೂ ಅದು ಬೇಕಾಗಿರ್ಲಿಲ್ಲ."

"ಅದಕ್ಕೆ?"

"ಕೊನೆ ತನಕ ಗೊತ್ತಿರೋ ಸಂಗತಿ ಒಂದಾದ್ರೂ ಮಾಡಬೇಕು ಅನ್ನಿಸ್ತು."

"ಸುಳ್ಳು ಸಂಗತಿ."

"ಹೌದು ಅತ್ತೆ. ಸುಳ್ಳೇ."

ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. "ಸರಿ. ಈ ಮನೇಲಿ ಒಬ್ಬರ ರಾಜೀನಾಮೆ ಆಯ್ತು. ನಾಳೆಯಿಂದ ನಂದೂ. ಅಡುಗೆ, ಪಾತ್ರೆ, ಮಾರ್ಕೆಟ್ಟು, ಚೂಟಿ ಜಡೆ, ಎಲ್ಲ ನಿಮ್ಮದೇ. ನನಗೂ ಏನಾದ್ರೂ ಬರೆಯೋ ಹುಚ್ಚು ಹಿಡೀಬಹುದು, ಯಾರು ಕಂಡಿದ್ದಾರೆ."

ಆಡಿದ ಹಾಗೇ ನಡೆದುಕೊಂಡರು. ಮರುದಿನ ಬೆಳಗ್ಗೆ ಚಹಾ ಆಗುವ ತನಕ ಕೋಣೆಯಿಂದ ಹೊರಬರಲಿಲ್ಲ. ಹೊರಬಂದಾಗ ಮಗ ಸುಟ್ಟ ಬ್ರೆಡ್ಡನ್ನು ಚಾಕುವಿನಿಂದ ಹೆರೆಯುತ್ತಿದ್ದ. ಚೂಟಿಯ ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲಿತ್ತು, ಒಂದು ಕುತ್ತಿಗೆಯ ಬಳಿ ಇತ್ತು.

"ಅಜ್ಜಿ, ಹೀಗೇ ಶಾಲೆಗೆ ಹೋಗ್ಲಾ?"

"ನಿಮ್ಮಮ್ಮನ್ನ ಕೇಳು. ಅವರಿಗೆ ಕೊನೆ ತನಕ ಎಲ್ಲಾ ಗೊತ್ತಿರತ್ತಂತೆ."

ವಾರಗಳು ಕಳೆದವು. ಬೇಳೆ ಒಂದು ದಿನ ಕಲ್ಲು, ಒಂದು ದಿನ ಗಂಜಿ. ಸೊಸೆ ಊಟದ ಮೇಜಿನ ಒಂದು ತುದಿಯಲ್ಲಿ ಬರೆಯುತ್ತಿದ್ದಳು, ಇನ್ನೊಂದು ತುದಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಎರಡರ ನಡುವೆ ಆಲೂಗಡ್ಡೆಯ ಸಿಪ್ಪೆ ಹಾಳೆಗಳಿಗೂ, ಶಾಯಿ ಆಲೂಗಡ್ಡೆಗೂ ಅಂಟುತ್ತಿತ್ತು. ಅತ್ತೆ ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯಲು ಮಾತ್ರ. ಆದರೆ ಆ ಒಂದು ಲೋಟ ನೀರಿನಲ್ಲೇ ಎಲ್ಲದರ ವಿಚಾರಣೆ ಮುಗಿಯುತ್ತಿತ್ತು.

"ಸಕ್ಕರೆ ಡಬ್ಬಿ ಯಾರು ಸರಿಸಿದ್ದು?"

"ಇಲ್ಲೇ ಇದೆಯಲ್ಲ ಅತ್ತೆ."

"ಇಲ್ಲೇ ಇದೆ. ಆದ್ರೆ ಮುಖ ಗೋಡೆಗಿದೆ. ಅದು ಯಾವಾಗ್ಲೂ ನಮ್ಮನ್ನ ನೋಡ್ತಾ ಇರಬೇಕು."

ಸೊಸೆ ಆ ಮಾತಿಗೆ ನಗಲೂ ಇಲ್ಲ, ಸಿಡುಕಲೂ ಇಲ್ಲ. ಡಬ್ಬಿಯನ್ನೂ ಅತ್ತೆಯನ್ನೂ ಒಂದು ಕ್ಷಣ ನೋಡಿದಳು.

ಮಗನ ಪಾಡು ಬೇರೆ. ಮಧ್ಯಾಹ್ನ ಊಟಕ್ಕೆ ಬಂದವನನ್ನು ಹೆಂಡತಿ ನೆಲದ ಮೇಲೆ ಮಲಗಿಸುತ್ತಿದ್ದಳು. "ಸ್ವಲ್ಪ ಸತ್ತಿರ್ರೀ. ಕೈ ಮೇಜಿನ ಕೆಳಗೆ ಬರ್ಲಿ. ಹಾಂ, ಉಸಿರು ಬಿಡಬೇಡಿ."

"ನನ್ನ ಊಟ?"

"ಸತ್ತಮೇಲೆ."

ವಿಷದ ವಿಚಾರ ಅವನನ್ನೇ ಕೇಳುತ್ತಿದ್ದಳು. ಯಾವುದು ಕಹಿ, ಯಾವುದಕ್ಕೆ ವಾಸನೆ ಎಂದು ಅವನು ಅನ್ನ ಕಲೆಸುತ್ತಾ ಹೇಳುತ್ತಿದ್ದ. ಅತ್ತೆ ತಟ್ಟೆಯನ್ನು ಎದೆಗವುಚಿಕೊಂಡು ಕೋಣೆಗೆ ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಕೋಣೆಯಲ್ಲಿ ಅಡ್ಡಾಗಿದ್ದಾಗ ಹೊರಗೆ ನೆಂಟರು ಬಂದಂತೆ ಮಾತು ಕೇಳಿಸಿತು. ಒಬ್ಬ ಮುದುಕ, ಪ್ರತಿ ಮಾತಿನ ಮೊದಲು ಗಂಟಲು ಸರಿಮಾಡಿಕೊಳ್ಳುವವನು. ಇನ್ನೊಬ್ಬ ತೊದಲುತ್ತಿದ್ದ, ಆದರೆ ಸುಳ್ಳು ಹೇಳುವಾಗ ಮಾತ್ರ ತೊದಲುತ್ತಿರಲಿಲ್ಲ. ಒಬ್ಬ ಹೆಂಗಸು ವಾಕ್ಯದ ಕೊನೆಯ ಪದವನ್ನು ನುಂಗುತ್ತಿದ್ದಳು, ಅದನ್ನು ಯಾರಾದರೂ ಕಿತ್ತುಕೊಂಡಾರು ಎಂಬಂತೆ. ಎಷ್ಟೋ ವರ್ಷ ಜನರ ಧ್ವನಿಗಳ ನಡುವೆಯೇ ಬದುಕಿದ್ದ ಅತ್ತೆಯ ಕಿವಿ ಮೋಸ ಹೋಗುವ ಕಿವಿಯಲ್ಲ. ಮೂರು ಜನ, ಸಂಶಯವಿಲ್ಲ. ನೆಂಟರ ಮುಂದೆ ಮಾನ ಹೋಗಬಾರದೆಂದು ಕೂದಲು ಸರಿಮಾಡಿಕೊಂಡು ಹೊರಬಂದರು.

ಸೊಸೆ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಸೌಟು, ಎದುರಿಗೆ ಬರೆದ ಹಾಳೆ.

"ಎಲ್ಲಿ ಅವರು?" ಅತ್ತೆಯ ಬಾಯಿಂದ ತಾನಾಗಿ ಬಂತು.

"ಯಾರು ಅತ್ತೆ?"

ಅತ್ತೆ ಬಾಗಿಲ ಕಡೆ ನೋಡಿದರು, ಕುರ್ಚಿಗಳನ್ನು ನೋಡಿದರು, ಒಳಗೆ ಹೋಗಿ ಮಲಗಿಕೊಂಡರು. ನಿದ್ದೆ ಹತ್ತಲಿಲ್ಲ. ಕೊನೆಯ ಪದ ನುಂಗುವ ಆ ಹೆಂಗಸು ಏನು ಹೇಳಲು ಹೊರಟಿದ್ದಳು ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು.

ಹಾಗೆ ಕೊರೆದದ್ದಕ್ಕೇ ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು. ಮಾರನೆಯ ದಿನ ಸೊಸೆ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ದೊಡ್ಡ ವಕೀಲರಿಗೆ ಫೋನು ಹಚ್ಚಿದರು. ದೊಡ್ಡ ವಕೀಲರೆಂದರೆ ಸೊಸೆ ಇಷ್ಟು ವರ್ಷ ಯಾರ ಕೈಕೆಳಗಿದ್ದಳೋ ಅವರು. ನ್ಯಾಯಾಧೀಶರೂ ಅವರೆದುರು ನೆಟ್ಟಗೆ ಕೂರುತ್ತಾರೆಂದು ಊರೆಲ್ಲ ಹೇಳುತ್ತಿತ್ತು. "ಭಾನುವಾರ ನಮ್ಮಲ್ಲೇ ಊಟ ಮಾಡಬೇಕು. ಬಂದು ಅವಳಿಗೆ ನಾಲ್ಕು ಮಾತು ಹೇಳಬೇಕು," ಅಂದರು ಅತ್ತೆ. "ನಾನೇ ಬರಬೇಕೂಂತಿದ್ದೆ. ಅವಳ ಕುರ್ಚಿ ಇನ್ನೂ ಖಾಲಿ ಇಟ್ಟಿದ್ದೀನಿ," ಅಂದರು ಅವರು.

ಭಾನುವಾರ ಅತ್ತೆ ಮುಷ್ಕರಕ್ಕೆ ಒಂದು ಹೊತ್ತಿನ ವಿರಾಮ ಕೊಟ್ಟು ಅಡುಗೆಮನೆಗೆ ಇಳಿದರು. ಬಡಿಸುವ ಹೊತ್ತಿಗೆ ದೊಡ್ಡ ವಕೀಲರು ಬಂದರು: ಎತ್ತರದ ಆಳು, ಬೆಳ್ಳಿ ಹುಬ್ಬು, ಕೂತರೆ ಕುರ್ಚಿಯೇ ಸಾಕ್ಷಿ ಕಟಕಟೆಯಂತೆ ಕಾಣುವ ಗತ್ತು. ಮೊದಲ ತುತ್ತಿಗೇ ಮಾತು ತೆಗೆದರು.

"ಬೋರ್ಡಿನ ಮೇಲೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬರೆಸ್ತೀನಮ್ಮ. ನನ್ನ ನಂತರ ಆಫೀಸು ನಿಂದು. ಯೋಚನೆ ಮಾಡು."

ಅತ್ತೆಯ ಎದೆ ಅರಳಿತು. ಸೊಸೆ ಅವರ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿ, "ದೊಡ್ಡ ಮಾತು ಸರ್. ಆದ್ರೆ ನಾನು ಬರಲ್ಲ," ಅಂದಳು.

"ಹಾಗಾದ್ರೆ ಅದೇನು ಬರೀತಿದ್ದೀಯೋ ಹೇಳು. ನನ್ನ ಅಡ್ಡ ಸವಾಲಿಗೆ ನಿಂತ್ರೆ ಬಿಟ್ಟುಬಿಡ್ತೀನಿ. ಬಿದ್ರೆ ನಾಳೆಯಿಂದ ಆಫೀಸಿಗೆ ಬರಬೇಕು."

"ಬಾಜಿ!" ಎಂದು ಚೂಟಿ ಮೇಜು ಕುಟ್ಟಿದಳು.

ಸೊಸೆ ಹೇಳತೊಡಗಿದಳು. ಒಂದು ಹಳೇ ಕಟ್ಟಡ. ಮೇಲಿನ ಮನೆಯಲ್ಲಿ ಕಟ್ಟಡದ ಯಜಮಾನ, ಜೊತೆಯಲ್ಲಿ ಅವನ ಮನೆ ನೋಡಿಕೊಂಡೇ ಮುದುಕಿಯಾದ ತಂಗಿ. ಕೆಳಗೆ ಬಾಡಿಗೆಗಿರುವ ತೊದಲು ಮಾತಿನ ದರ್ಜಿ. ತಂಗಿ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ದರ್ಜಿ ಮೇಲೆ ಬರುತ್ತಾನೆ. ಇಬ್ಬರೂ ಚಹಾ ಕುಡಿಯುತ್ತಾರೆ. ಯಜಮಾನನ ಲೋಟಕ್ಕೆ ದರ್ಜಿ ವಿಷ ಬೆರೆಸುತ್ತಾನೆ, ತನ್ನ ಲೋಟ ತೊಳೆದು ಕಪಾಟಿನಲ್ಲಿಟ್ಟು ಇಳಿದುಹೋಗುತ್ತಾನೆ. ಮೇಜಿನ ಮೇಲೆ ಒಂದೇ ಲೋಟ. ಒಬ್ಬನೇ ಇದ್ದ, ತಾನೇ ಕುಡಿದು ಸತ್ತ ಎಂದು ಎಲ್ಲರೂ ನಂಬುತ್ತಾರೆ.

ದೊಡ್ಡ ವಕೀಲರು ಕೈಯಲ್ಲಿನ ತುತ್ತು ಕೈಯಲ್ಲೇ ಇಟ್ಟುಕೊಂಡು ಸವಾಲು ಹಾಕಿದರು. ಮೆಟ್ಟಿಲ ಮೇಲೆ ಯಾರಿದ್ದರು? ಹಾಲಿನವನು ಯಾವಾಗ ಬಂದ? ವಿಷ ಎಲ್ಲಿ ಸಿಕ್ಕಿತು? ಸೊಸೆ ಎಲ್ಲಕ್ಕೂ ಉತ್ತರ ಕೊಟ್ಟಳು. ಕಟ್ಟಡದ ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾವ ಕಿಟಕಿಯ ಪರದೆ ಆ ದಿನ ಒಗೆಯಲು ಹೋಗಿತ್ತು, ಮೇಲಿನ ಮನೆಯ ನಲ್ಲಿ ತಿರುಗಿಸಿದರೆ ಕೆಳಗೆ ಎಂಥ ಸದ್ದು ಬರುತ್ತದೆ, ಎಲ್ಲ ಬಲ್ಲಳು. ಯಾರೂ ಕಟ್ಟದ ಕಟ್ಟಡ! ಅತ್ತೆ ಬಡಿಸುವುದನ್ನು ಮರೆತು ಸೌಟು ಹಿಡಿದೇ ನಿಂತಿದ್ದರು. ಅಂದು ಗೋಡೆಯಾಚೆ ಕೇಳಿಸಿದ ಮೂವರೂ ಈಗ ಊಟದ ಮೇಜಿಗೆ ಬಂದು ಕೂತಿದ್ದರು.

"ಕೊನೇ ಪ್ರಶ್ನೆ," ಅಂದರು ದೊಡ್ಡ ವಕೀಲರು. ಬೆಳ್ಳಿ ಹುಬ್ಬು ಮೇಲೆದ್ದಿತು. "ತಂಗಿ ಕೆಳಗಿಳಿದು ಬಂದಾಗ ಕಪಾಟಿನಲ್ಲಿ ಒಂದು ಲೋಟ ಒದ್ದೆಯಾಗಿದೆ. ಅವಳು ನೋಡ್ಲಿಲ್ವಾ?"

"ಆ ದಿನ ಮೋಡ. ಅಡುಗೆಮನೆಯಲ್ಲಿ ಮಬ್ಬು ಬೆಳಕು. ಅವಳ ಕನ್ನಡಕ ಎರಡನೇ ಅಧ್ಯಾಯದಲ್ಲೇ ಒಡೆದಿದೆ ಸರ್."

ದೊಡ್ಡ ವಕೀಲರು ತೊಡೆ ತಟ್ಟಿಕೊಂಡು ನಕ್ಕರು. "ಭೇಷ್! ಕನ್ನಡಕ ಮೊದಲೇ ಒಡೆದಿಟ್ಟಿದ್ದಾಳೆ! ಸೋತೆ ಕಣಮ್ಮ, ಒಪ್ಪಿಕೊಂಡೆ."

ಮಗ ಚಪ್ಪಾಳೆ ತಟ್ಟಿದ. ಚೂಟಿ ಕುರ್ಚಿಯ ಮೇಲೆ ಎದ್ದು ನಿಂತಳು. ಸೊಸೆ ಮಾತ್ರ ನಗಲಿಲ್ಲ. ಅವಳ ಕಣ್ಣು ಅತ್ತೆಯ ಮೇಲಿತ್ತು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮೇಲೆ.

"ಇಲ್ಲ ಸರ್," ಅಂದಳು ಮೆಲ್ಲಗೆ. "ಈಗ ನಾನು ನಿಮಗೆ ಮೋಸ ಮಾಡಿದೆ."

"ಏನು ಮೋಸ? ಉತ್ತರ ಸರಿಯಾಗೇ ಇದೆಯಲ್ಲ."

"ಕೋರ್ಟಿಗೆ ಸಾಕು. ಆದ್ರೆ ಅವಳು ಇಷ್ಟು ವರ್ಷ ಓಡಾಡಿದ ಅಡುಗೆಮನೆ ಅದು. ಲೋಟ ಮುಖ ತಿರುಗಿಸಿ ಇಟ್ಟಿದ್ರೂ ಅವಳಿಗೆ ಗೊತ್ತಾಗತ್ತೆ. ಕಣ್ಣೇ ಬೇಕಾಗಿಲ್ಲ. ನನಗೆ ಅನುಕೂಲ ಆಗ್ಲಿ ಅಂತ ನಾನು ಅವಳನ್ನ ಕುರುಡಿ ಮಾಡಿದ್ದೀನಿ."

"ನಾನು ಒಪ್ಪಿಕೊಂಡೆನಲ್ಲಮ್ಮ!"

"ನೀವು ಒಪ್ಪಿಕೊಂಡ್ರಿ ಸರ್. ಅವಳು ಒಪ್ಪಲ್ಲ."

ದೊಡ್ಡ ವಕೀಲರು ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಗೆದ್ದದ್ದನ್ನು ತಾನಾಗಿ ಬಿಟ್ಟುಕೊಟ್ಟವರನ್ನು ಅವರು ಕಂಡಿರಲಿಕ್ಕಿಲ್ಲ. ಕೈ ತೊಳೆದು ಹೊರಡುವಾಗ ಬಾಜಿಯ ಮಾತೆತ್ತಲಿಲ್ಲ. ಬಾಗಿಲಲ್ಲಿ ಅತ್ತೆಗೆ ಇಷ್ಟೇ ಅಂದರು: "ಆ ಕುರ್ಚಿ ಬೇರೆಯವರಿಗೆ ಕೊಡ್ತೀನಿ ತಾಯಿ. ಇವಳು ನಮ್ಮ ಕೈಗೆ ಸಿಗೋಳಲ್ಲ."

ಸೋಮವಾರ ಬೆಳಗ್ಗೆ ಸೊಸೆ ವಾರಗಟ್ಟಲೆ ಬರೆದ ಹಾಳೆಗಳಲ್ಲಿ ಮುಕ್ಕಾಲು ಪಾಲನ್ನು ಹರಿದು ಬಕೆಟ್ಟಿಗೆ ಹಾಕಿದಳು. ಅತ್ತೆ ನೋಡುತ್ತಿದ್ದರು. ತಮ್ಮ ಜನ್ಮದಲ್ಲಿ ಅವರು ಉಪ್ಪು ಹೆಚ್ಚಾದ ಅಡುಗೆಯನ್ನೂ ಹೀಗೆ ಚೆಲ್ಲಿದವರಲ್ಲ.

"ಅಷ್ಟೂ ಹೋಯ್ತಾ?"

"ಹೋಯ್ತು ಅತ್ತೆ."

"ಮತ್ತೆ?"

"ಮತ್ತೆ ಶುರು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಬೇಳೆ ತೊಳೆದರು, ಒಲೆ ಹಚ್ಚಿದರು. ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಮಗ ಮುಚ್ಚಳ ತೆಗೆದು ನೋಡಿ, ದೊಡ್ಡದಾಗಿ ಉಸಿರೆಳೆದು, ಜಾಣನಾಗಿ ಬಾಯಿ ಮುಚ್ಚಿಕೊಂಡು ಉಂಡ.

ಆದರೆ ಹೊಸ ಬರವಣಿಗೆ ಒಂದು ಜಾಗಕ್ಕೆ ಬಂದು ನಿಂತುಬಿಟ್ಟಿತು. ತಂಗಿ ತಾರಸಿಯಿಂದ ಇಳಿದು ಬರುತ್ತಾಳೆ. ಅಣ್ಣ ಸತ್ತಿದ್ದಾನೆ. ಕಪಾಟಿನ ಲೋಟ ಸರಿಯಾಗಿ ತೊಳೆದಿಲ್ಲ, ತನ್ನ ಜಾಗದಲ್ಲಿಲ್ಲ. ಅವಳು ಅದನ್ನು ತೆಗೆದು, ಇನ್ನೊಮ್ಮೆ ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಆಮೇಲೆ ಬಾಗಿಲು ತೆರೆದು ಜನರನ್ನು ಕೂಗುತ್ತಾಳೆ. ಅಲ್ಲಿಯವರೆಗೆ ಬಂತು. ಯಾಕೆ ತೊಳೆದಳು? ಸೊಸೆ ದಿನವೂ ಬರೆಯುತ್ತಾಳೆ, ದಿನವೂ ಹೊಡೆದು ಹಾಕುತ್ತಾಳೆ. ದರ್ಜಿಯ ಮೇಲೆ ಪ್ರೀತಿಯೇ? ಅಲ್ಲ. ಆಸ್ತಿಯೇ? ಅಲ್ಲ. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು ಮನೆ ತುಂಬ ಪೆನ್ನು ಹುಡುಕುತ್ತಾಳೆ.

ಒಂದು ಬೆಳಗ್ಗೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಬಂದು ಅವಳೆದುರು ಕೂತರು.

"ಆ ತಂಗಿ ಮುಂಚೆ ಎಲ್ಲಾದ್ರೂ ಕೆಲಸಕ್ಕೆ ಹೋಗ್ತಿದ್ದಳಾ?"

ಸೊಸೆ ತಲೆಯೆತ್ತಿದಳು. "ಇಲ್ಲ... ನಾನು ಯೋಚಿಸಿರ್ಲಿಲ್ಲ ಅತ್ತೆ."

"ಹೋಗ್ತಿದ್ದಳು. ಅಣ್ಣನ ಮನೆ ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತ ಬಿಟ್ಟಳು. ಬಿಡು ಅಂತ ಅವನು ಹೇಳ್ಲಿಲ್ಲ. ಬೇಡ ಅಂತಾನೂ ಅನ್ನಲಿಲ್ಲ. ಮಾರನೇ ದಿನ ಚಹಾ ಎಲ್ಲಿ ಅಂದ, ಅಷ್ಟೆ. ಅವಳು ಏನು ಬಿಟ್ಟಳು ಅನ್ನೋದು ಅವನಿಗೆ ಸಾಯೋತನಕ ಗೊತ್ತೇ ಆಗ್ಲಿಲ್ಲ." ಅತ್ತೆ ಮೇಜಿನ ಮೇಲಿನ ಸಿಪ್ಪೆಯ ಚೂರೊಂದನ್ನು ಬೆರಳಿಂದ ಒತ್ತಿದರು. "ಕೊಂದವನನ್ನ ಉಳಿಸೋಕೆ ಅವಳು ಲೋಟ ತೊಳೀಲಿಲ್ಲ. ಎದುರಿಗೆ ಅಣ್ಣ ಸತ್ತಿದ್ದಾನೆ, ಕೈ ತಾನಾಗಿ ಲೋಟ ತೊಳೀತು. ಆಗಲೇ ಅವಳಿಗೆ ಗೊತ್ತಾಗಿದ್ದು, ತಾನು ಏನಾಗಿಬಿಟ್ಟಿದ್ದೀನಿ ಅಂತ."

ಸೊಸೆಯ ಕಣ್ಣು ತುಂಬಿ ಬಂತು. "ಅತ್ತೆ, ಆವತ್ತು ನಾವೂ ನಿಮ್ಮನ್ನ ಕೇಳ್ಲಿಲ್ಲ."

"ಈಗ ಕೇಳಿದ್ರೆ ಏನು ಬಂತು?"

"ಗೊತ್ತಿಲ್ಲ. ಆದ್ರೂ ಕೇಳ್ತೀನಿ. ಕೊನೇ ದಿನ ಎಕ್ಸ್‌ಚೇಂಜಿನಿಂದ ಹೊರಗೆ ಬಂದಾಗ ಹೇಗಿತ್ತು ಅತ್ತೆ?"

ಅತ್ತೆ ಮೊದಲು ಒಂದೇ ಮಾತಿನಲ್ಲಿ ಮುಗಿಸಲು ನೋಡಿದರು. ಅದು ಮುಗಿಯಲಿಲ್ಲ. ಒಂದರ ಹಿಂದೆ ಒಂದು ಬಂತು: ಕಿವಿಯ ಮೇಲೆ ಹೆಡ್‌ಫೋನು ಕೂತು ಕೂತು ಕಟ್ಟಿದ್ದ ಜಡ್ಡು, ಅದು ಮೆಲ್ಲಗೆ ಕರಗಿಹೋದಾಗ ಆದ ದುಃಖ, ಮೊದಮೊದಲು ಮಗು ಅತ್ತಾಗಲೆಲ್ಲ ಬಾಯಿಗೆ ಬರುತ್ತಿದ್ದ "ಲೈನಿನಲ್ಲಿರಿ" ಎಂಬ ಮಾತು. ಸೊಸೆ ಒಂದಕ್ಷರ ಬರೆದುಕೊಳ್ಳಲಿಲ್ಲ. ಪೆನ್ನು ದೂರ ಸರಿಸಿ ಕೇಳುತ್ತಾ ಕೂತಳು. ಒಳಗೆ ಹಾಲು ಉಕ್ಕಿ ಒಲೆ ಆರಿ ವಾಸನೆ ಬಂದಾಗಲೇ ಇಬ್ಬರೂ ಎದ್ದು ಓಡಿದ್ದು.

ಕೊನೆಯ ಅಧ್ಯಾಯ ಮುಗಿದ ಭಾನುವಾರ ಸೊಸೆ ಅದನ್ನು ಊಟವಾದ ಮೇಲೆ ಓದಿದಳು. ಪುಸ್ತಕವನ್ನು ಯಾರು ಅಚ್ಚು ಹಾಕುತ್ತಾರೋ ಆಗ ಯಾರಿಗೂ ಗೊತ್ತಿರಲಿಲ್ಲ. ತಟ್ಟೆಗಳು ಎತ್ತದೆ ಹಾಗೇ ಇದ್ದವು. ಮಗ ಎಂಜಲು ಕೈಯಲ್ಲೇ ಕೂತಿದ್ದ. ಚೂಟಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಪಿಳುಕಿಸದೆ ಕೇಳುತ್ತಿದ್ದಳು.

ತಂಗಿ ಒಂದು ಕಾಲದಲ್ಲಿ ರೈಲು ನಿಲ್ದಾಣದಲ್ಲಿ ಟಿಕೆಟಿಗೆ ತೂತು ಹಾಕುವವಳಾಗಿದ್ದಳು. ಈಗ ತಾನಾಗಿಯೇ ಪೊಲೀಸ್ ಠಾಣೆಗೆ ಹೋಗಿ ಅಧಿಕಾರಿಯ ಕೋಣೆಯ ಬಾಗಿಲು ತೆಗೆಯುತ್ತಾಳೆ. "ಎರಡನೇ ಲೋಟ ತೊಳೆದವಳು ನಾನು," ಅನ್ನುತ್ತಾಳೆ. ಎದುರಿಗೆ ಕೂತ ಅಧಿಕಾರಿ ಕೇಳುತ್ತಾ ಹೋಗುತ್ತಾನೆ, ಅವಳು ಹೇಳುತ್ತಾ ಹೋಗುತ್ತಾಳೆ. ಹೇಳುತ್ತಿರುವಷ್ಟು ಹೊತ್ತೂ ಸೆರಗಿನ ಮರೆಯಲ್ಲಿ ಅವಳ ಹೆಬ್ಬೆರಳೂ ತೋರುಬೆರಳೂ ಕೂಡುತ್ತವೆ, ಬಿಡುತ್ತವೆ, ಕೂಡುತ್ತವೆ. ಎಷ್ಟೋ ವರ್ಷಗಳಿಂದ ಯಾರೂ ನೋಡದಿದ್ದಾಗಲೆಲ್ಲ ಅವಳು ಹೋಗಿಬಿಡುವ ರೈಲುಗಳ ಟಿಕೆಟುಗಳಿಗೆ ಹೀಗೇ ತೂತು ಹಾಕುತ್ತಿದ್ದಾಳೆ.

ಸೊಸೆ ಹಾಳೆ ಕೆಳಗಿಟ್ಟಳು.

ಅತ್ತೆ ಮಡಿಲಲ್ಲಿದ್ದ ತಮ್ಮ ಕೈ ನೋಡಿಕೊಂಡರು. ಹೆಡ್‌ಫೋನಿನ ಮಾತು ಅವರು ಹೇಳಿದ್ದರು, ಜಡ್ಡಿನ ಮಾತೂ ಹೇಳಿದ್ದರು. ಆದರೆ ಮಲಗಿದಾಗ ಹೊದಿಕೆಯ ಒಳಗೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಲೈನು ಜೋಡಿಸುವ ಪ್ಲಗ್ಗು ತೆಗೆದು ಸಿಕ್ಕಿಸುವುದನ್ನು ಯಾರಿಗೂ, ಎಂದಿಗೂ ಹೇಳಿರಲಿಲ್ಲ.

"ಇಷ್ಟು ವರ್ಷ ಒಂದೇ ಮನೇಲಿದ್ವಿ," ಅಂದರು. "ಇವರನ್ನೆಲ್ಲ ಎಲ್ಲಿಟ್ಟುಕೊಂಡಿದ್ದೆ ನೀನು?"

ಸೊಸೆ ಹಾಳೆಗಳ ಅಂಚು ಸರಿಮಾಡಿದಳು. "ಚೆನ್ನಾಗಿದೆಯಾ ಅತ್ತೆ?" ಅಂದಳು, ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ.

ಅತ್ತೆ ಚೂಟಿಯ ತಲೆಯನ್ನು ಮೆಲ್ಲಗೆ ಸರಿಸಿ, ಕುರ್ಚಿಯನ್ನು ಸೊಸೆಯ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದು ಸಲ ಓದು," ಅಂದರು. "ಅವಳು ಬಾಗಿಲು ತೆಗೆಯೋ ಕಡೆಯಿಂದ."